ವಿದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ: ಭಾಷಾ ಶಾಲೆಯ ಆಫರ್‌ಗೆ ಸಹಿ ಹಾಕುವ ಮೊದಲು ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಎ. ಇಂಗ್ಲಿಷ್ ಮುಗಿಸಿ ಗೆಸ್ಟ್ ಲೆಕ್ಚರರ್ ಆಗಿರುವವರು, ಬಿ.ಎಡ್. ಮಾಡಿ ಖಾಸಗಿ ಶಾಲೆಯಲ್ಲಿ ದುಡಿಯುತ್ತಿರುವವರು, ಮನೆಯಲ್ಲೇ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವವರು, ಹೆಚ್ಚಾಗಿ ಇವರೇ ಈ ಪ್ರಶ್ನೆಗಳನ್ನು ಕೇಳುತ್ತಾರೆ. ಇಲ್ಲಿ ಮಾತಾಡುತ್ತಿರುವುದು ಖಾಸಗಿ ಭಾಷಾ ಶಾಲೆಗಳ ಬಗ್ಗೆ. ಸಂಜೆ ಮತ್ತು ವಾರದ ಕೊನೆಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ಇಂಗ್ಲಿಷ್ ಹೇಳಿಕೊಡುವ, ಫೀಸ್ ಮೇಲೆ ನಡೆಯುವ ಸಂಸ್ಥೆಗಳು ಇವು. ಸರ್ಕಾರಿ ಶಾಲೆ, ಸಿಬಿಎಸ್‌ಇ ಶಾಲೆಯ ಕೆಲಸದ ಕಥೆ ಬೇರೆ.

ಆಫರ್ ಬಂದಿದೆ. ಮೊದಲು ಏನು ನೋಡಬೇಕು, ಸಂಬಳನಾ?

ಅಲ್ಲ, ವೀಸಾ. ಈ ಶಾಲೆ ಭಾರತದ ಪಾಸ್‌ಪೋರ್ಟ್ ಇರುವವರನ್ನು ಕಾನೂನು ಪ್ರಕಾರ ಕೆಲಸಕ್ಕೆ ಇಟ್ಟುಕೊಳ್ಳಬಹುದಾ? ಇದಕ್ಕೆ ಉತ್ತರ ಸಿಗುವ ತನಕ ಸಂಬಳ, ರೂಮು, ಟಿಕೆಟ್ ಯಾವುದರ ಮಾತೂ ಬೇಡ.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಬಹುಪಾಲು ಅಮೆರಿಕ, ಇಂಗ್ಲೆಂಡ್, ಕೆನಡಾದವರು ಬರೆದಿದ್ದು. ಅವರಿಗೆ ತೆರೆದಿರುವ ಬಾಗಿಲು ನಮಗೆ ತೆರೆದಿರಬೇಕು ಅಂತೇನಿಲ್ಲ. ದಕ್ಷಿಣ ಕೊರಿಯಾವನ್ನೇ ತಗೊಳ್ಳಿ. ಅಲ್ಲಿನ ಖಾಸಗಿ ಟ್ಯೂಷನ್ ಸಂಸ್ಥೆಗಳಿಗೆ ಹಾಗ್ವಾನ್ ಅಂತಾರೆ. ಅಲ್ಲಿ ಇಂಗ್ಲಿಷ್ ಕಲಿಸಲು ಬೇಕಾದ ಇ-2 ವೀಸಾ ಕೊಡುವುದು ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ಭಾರತೀಯರಿಗೂ ಒಂದು ದಾರಿ ಇಟ್ಟಿದ್ದಾರೆ. ಆದರೆ ಅದು ಶಿಕ್ಷಕ ಅರ್ಹತೆ ಇರುವವರಿಗೆ, ಅದೂ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿ. ಹಾಗಾಗಿ "ಸಿಯೋಲ್‌ನ ಹಾಗ್ವಾನ್‌ನಲ್ಲಿ ಕೆಲಸ, ಯಾವ ಡಿಗ್ರಿ ಆದ್ರೂ ಸಾಕು" ಅಂತ ಮೆಸೇಜ್ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಜಪಾನ್ ಸ್ವಲ್ಪ ಬೇರೆ. ಪದವಿ ಇದ್ದವರು ಭಾಷಾ ಶಾಲೆಯಲ್ಲಿ ಕಲಿಸಲು ಬೇಕಾದ ಕೆಲಸದ ವೀಸಾಗೆ ಅರ್ಜಿ ಹಾಕಬಹುದು. ತೊಡಕು ಇನ್ನೊಂದು ಕಡೆ ಇದೆ. ಇಂಗ್ಲಿಷ್ ತಾಯಿನುಡಿ ಅಲ್ಲದವರು 12 ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿರಬೇಕು ಅಂತ ಅನೇಕ ಕಂಪನಿಗಳು ಕೇಳುತ್ತವೆ. ನಮ್ಮಲ್ಲಿ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಆಮೇಲೆ ಇಂಗ್ಲಿಷ್ ಅಂತ ಓದಿದವರೇ ಜಾಸ್ತಿ ಅಲ್ವಾ? ಪಿಯುಸಿ, ಡಿಗ್ರಿ, ಪಿ.ಜಿ. ಎಲ್ಲ ಕೂಡಿಸಿದರೂ ಲೆಕ್ಕ 12 ಮುಟ್ಟುವುದಿಲ್ಲ. ಇದನ್ನು ಮೊದಲ ಇಮೇಲ್‌ನಲ್ಲೇ ಹೇಳಿ, ಆಗುತ್ತೋ ಇಲ್ಲವೋ ಕೇಳಿ. ಮೂರು ಇಂಟರ್‌ವ್ಯೂ ಮುಗಿಸಿ ನಾಲ್ಕನೆಯದರಲ್ಲಿ ಗೊತ್ತಾದರೆ ಎರಡೂ ಕಡೆಗೂ ಸಮಯ ಹಾಳು.

ಚೀನಾದಲ್ಲಿ ಭಾಷಾ ಶಿಕ್ಷಕರಿಗೆ ಸಾಮಾನ್ಯವಾಗಿ ಇಂಗ್ಲಿಷ್ ತಾಯಿನುಡಿಯಾದ ದೇಶದ ಪಾಸ್‌ಪೋರ್ಟ್, ಪದವಿ, ಎರಡು ವರ್ಷದ ಅನುಭವ ಕೇಳುತ್ತಾರೆ. ಕೆಲಸಕ್ಕೆ ಹೋಗುವವರಿಗೆ ಅಲ್ಲಿ ಇರುವುದು ಝಡ್ ವೀಸಾ. "ಬಿಸಿನೆಸ್ ವೀಸಾದಲ್ಲಿ ಬನ್ನಿ" ಅಂದವರ ಹತ್ತಿರ ನಿಮ್ಮನ್ನು ಇಟ್ಟುಕೊಳ್ಳುವ ಅನುಮತಿ ಇಲ್ಲ ಅಂತಲೇ ಅರ್ಥ.

ಥಾಯ್ಲೆಂಡ್, ವಿಯೆಟ್ನಾಂ, ಕಾಂಬೋಡಿಯಾದಲ್ಲಿ ಭಾರತೀಯರೂ ಫಿಲಿಪೈನ್ಸ್‌ನವರೂ ಕಲಿಸುತ್ತಿದ್ದಾರೆ. ಕೊಲ್ಲಿ ದೇಶಗಳಲ್ಲಂತೂ ನಮ್ಮವರು ಬಹಳ ಹಿಂದಿನಿಂದ ಇದ್ದಾರೆ. ಅಲ್ಲೂ ವರ್ಕ್ ಪರ್ಮಿಟ್ ಕೈಗೆ ಬರುವ ಮೊದಲು ಪಾಠ ಶುರು ಮಾಡುವ ಹಾಗಿಲ್ಲ.

"ಟೂರಿಸ್ಟ್ ವೀಸಾದಲ್ಲಿ ಬನ್ನಿ, ಇಲ್ಲಿ ಬಂದ ಮೇಲೆ ಬದಲಾಯಿಸಿ ಕೊಡ್ತೀವಿ" ಅಂತಿದ್ದಾರೆ. ಹೋಗಬಹುದಾ?

ಈ ಮಾತು ಪೂರ್ತಿ ಸುಳ್ಳು ಅಂತ ಹೇಳಲಾಗದು. ಕೆಲವು ದೇಶಗಳಲ್ಲಿ ಒಳಗಿದ್ದುಕೊಂಡೇ ವೀಸಾ ಬದಲಾಯಿಸಿಕೊಳ್ಳುವ ಅವಕಾಶ ಇದೆ. ಸಮಸ್ಯೆ ಇರುವುದು ಬಂದ ದಿನಕ್ಕೂ ಬದಲಾಗುವ ದಿನಕ್ಕೂ ನಡುವೆ. ಆ ಅವಧಿಯಲ್ಲಿ ಪಾಠ ಮಾಡಿಸಿದರೆ ಸಿಕ್ಕಿಬೀಳುವವರು ನೀವು. ದಂಡ ನಿಮಗೆ, ಗಡೀಪಾರೂ ನಿಮಗೆ. ಶಾಲೆ ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತೆ.

ಮೂರು ವಿಷಯ ಬರೆದು ಕೊಡಲು ಹೇಳಿ: ಬದಲಾವಣೆಗೆ ಎಷ್ಟು ದಿನ, ಖರ್ಚು ಯಾರದು, ಅಲ್ಲಿಯವರೆಗೆ ಪಾಠ ಇಲ್ಲದಿದ್ದರೂ ಊಟ-ವಸತಿಗೆ ದುಡ್ಡು ಕೊಡುತ್ತಾರಾ. ಮೂರನೆಯದಕ್ಕೆ ಉತ್ತರ ಬರದಿದ್ದರೆ ಅವರ ಯೋಜನೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಬಿ.ಎಡ್. ಇದೆ. ಟೆಫ್ಲ್ ಸರ್ಟಿಫಿಕೇಟೂ ಬೇಕಾ?

ಟೆಫ್ಲ್ ಅಂದರೆ ಇಂಗ್ಲಿಷ್ ತಾಯಿನುಡಿ ಅಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ. ಬಹಳ ಕಡೆ ಕೇಳುತ್ತಾರೆ. 120 ಗಂಟೆಯ ಕೋರ್ಸ್ ಅನ್ನುವುದು ಚಾಲ್ತಿಯಲ್ಲಿರುವ ಅಳತೆ. ಆನ್‌ಲೈನ್‌ನಲ್ಲಿ ವೀಡಿಯೊ ನೋಡಿ ಪಡೆಯುವ ಸರ್ಟಿಫಿಕೇಟಿಗೂ ಕೇಂಬ್ರಿಡ್ಜ್‌ನ ಸೆಲ್ಟಾ, ಟ್ರಿನಿಟಿಯ ಸರ್ಟ್‌ಟೆಸಾಲ್‌ನಂಥವಕ್ಕೂ ತುಂಬ ವ್ಯತ್ಯಾಸ ಇದೆ. ಸೆಲ್ಟಾದಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಒಟ್ಟು ಆರು ಗಂಟೆ ಪಾಠ ಮಾಡಬೇಕು, ತರಬೇತುದಾರರು ಹಿಂದೆ ಕೂತು ನೋಡುತ್ತಾರೆ. ಹಾಗಂತ ಸಾಲ ಮಾಡಿ ಅದನ್ನು ಮಾಡಿ ಅಂತ ನಾನು ಹೇಳಲ್ಲ. ಮೊದಲು ನಿಮ್ಮ ಪಾಸ್‌ಪೋರ್ಟಿಗೆ ವೀಸಾ ಸಿಗುವ ದೇಶ ಯಾವುದು ಅಂತ ನೋಡಿ, ಅಲ್ಲಿನ ಶಾಲೆ ಯಾವ ಸರ್ಟಿಫಿಕೇಟ್ ಒಪ್ಪುತ್ತೆ ಅಂತ ಕೇಳಿ. ಆಮೇಲೆ ದುಡ್ಡು ಕಟ್ಟಿ. "ಕೋರ್ಸ್ ಸೇರಿದರೆ ಕೆಲಸ ಗ್ಯಾರಂಟಿ" ಅನ್ನುವ ಜಾಹೀರಾತಿಗೆ ಕೈಮುಗಿದು ಮುಂದೆ ಹೋಗಿ.

ಏಜೆಂಟ್ ಎರಡು ಲಕ್ಷ ಕೇಳ್ತಿದ್ದಾರೆ. ಸರಿನಾ?

ಸರಿಯಲ್ಲ. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆಗಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಅದೇ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ನೋಂದಣಿ ಇಲ್ಲದೆ ದಂಧೆ ಮಾಡುವವರ ಪಟ್ಟಿಯೂ ಇದೆ. ಎರಡರಲ್ಲೂ ಹೆಸರು ಹುಡುಕಿ.

ನಮ್ಮ ಕಡೆ ಇದು ನಡೆಯುವ ರೀತಿ ಹೀಗೆ: ಏಜೆಂಟ್ ಅಂತ ಯಾರೂ ಹೇಳಿಕೊಳ್ಳುವುದಿಲ್ಲ. "ಕನ್ಸಲ್ಟೆನ್ಸಿ" ಅಂತಾರೆ. ಇಲ್ಲವೇ ಮದುವೆ ಮನೆಯಲ್ಲಿ ಸಿಕ್ಕ ನೆಂಟರ ಪೈಕಿಯವರು, "ನಮ್ಮ ಹುಡುಗ ಅಲ್ಲೇ ಇದಾನೆ, ನಾನ್ ಹೇಳ್ತೀನಿ ಬಿಡಮ್ಮ" ಅಂತಾರೆ. ಮಾತು ಕೊನೆಗೆ ಬೆಂಗಳೂರಿನ ಒಂದು ಫೋನ್ ನಂಬರ್‌ಗೆ, ಅಲ್ಲಿಂದ ಒಂದು ಯುಪಿಐ ಐಡಿಗೆ ಬಂದು ನಿಲ್ಲುತ್ತೆ. ನೆಂಟರನ್ನು ಅನುಮಾನಿಸಬೇಕಿಲ್ಲ. ಅವರಿಗೂ ಗೊತ್ತಿರಲ್ಲ. ಆದರೆ ದುಡ್ಡು ಹೋಗುವ ಖಾತೆ ಯಾರ ಹೆಸರಲ್ಲಿದೆ ಅಂತ ಕೇಳುವ ಹಕ್ಕು ನಿಮಗಿದೆ. ಕಂಪನಿ ಕೆಲಸಕ್ಕೆ ವ್ಯಕ್ತಿಯ ಉಳಿತಾಯ ಖಾತೆಗೆ ದುಡ್ಡು ಹಾಕಬೇಡಿ.

ಇನ್ನೊಂದು ಮಾತು. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್ ಇಸಿಎನ್‌ಆರ್ ವರ್ಗಕ್ಕೆ ಸೇರುತ್ತೆ. ಅಂದರೆ ಹೊರಡುವಾಗ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಿಲ್ಲ. ಅನುಕೂಲವೇನೋ ಹೌದು. ಆದರೆ ಕೂಲಿ ಕೆಲಸಕ್ಕೆ ಕೊಲ್ಲಿಗೆ ಹೋಗುವವರ ಕಾಂಟ್ರಾಕ್ಟನ್ನು ಸರ್ಕಾರ ಒಮ್ಮೆಯಾದರೂ ನೋಡುತ್ತೆ, ಪದವೀಧರ ಮೇಷ್ಟ್ರ ಕಾಂಟ್ರಾಕ್ಟನ್ನು ಯಾರೂ ನೋಡುವುದಿಲ್ಲ. ಅದನ್ನು ಓದುವ ಕೆಲಸ ನಿಮ್ಮದೇ.

ಆ ಶಾಲೆ ನಿಜವಾಗ್ಲೂ ಇದೆ ಅಂತ ಹಾಸನದಲ್ಲಿ ಕೂತು ತಿಳಿಯುವುದು ಹೇಗೆ?

ಮ್ಯಾಪ್‌ನಲ್ಲಿ ವಿಳಾಸ ಹಾಕಿ ರಸ್ತೆಯ ಫೋಟೊ ನೋಡಿ. ಬೋರ್ಡ್ ಇದೆಯಾ? ಆಮೇಲೆ ಪರವಾನಗಿ. ಥಾಯ್ಲೆಂಡ್‌ನಲ್ಲಿ ಖಾಸಗಿ ಭಾಷಾ ಶಾಲೆಗಳಿಗೆ ಶಿಕ್ಷಣ ಸಚಿವಾಲಯದ ಕೆಳಗಿನ ಖಾಸಗಿ ಶಿಕ್ಷಣ ಆಯೋಗದ ಕಚೇರಿ ಪರವಾನಗಿ ಕೊಡುತ್ತೆ. ದುಬೈನಲ್ಲಿ ತರಬೇತಿ ಸಂಸ್ಥೆಗಳ ಮೇಲೆ ಕೆಎಚ್‌ಡಿಎ ಅನ್ನುವ ಪ್ರಾಧಿಕಾರ ಇದೆ. "ನಿಮ್ಮ ಪರವಾನಗಿ ಪ್ರತಿ ಕಳಿಸ್ತೀರಾ?" ಅಂತ ಇಮೇಲ್ ಹಾಕಿ. ಸರಿಯಾದ ಶಾಲೆಗೆ ಇದರಿಂದ ಬೇಜಾರಾಗುವುದಿಲ್ಲ.

ಎಲ್ಲಕ್ಕಿಂತ ಮೇಲು, ಅಲ್ಲಿ ಕೆಲಸ ಮಾಡಿ ಬಿಟ್ಟುಬಂದ ಶಿಕ್ಷಕರ ಹತ್ತಿರ ಮಾತಾಡುವುದು. ಶಾಲೆಯವರೇ ಕೊಡುವ "ನಮ್ಮ ಹಳೆ ಟೀಚರ್" ನಂಬರಿಗೆ ಫೋನ್ ಮಾಡಿದರೆ ಹೊಗಳಿಕೆಯೇ ಸಿಗುತ್ತೆ. ನೀವೇ ಲಿಂಕ್ಡ್‌ಇನ್‌ನಲ್ಲಿ ಶಾಲೆಯ ಹೆಸರು ಹಾಕಿ ಹುಡುಕಿ, ಕಳೆದ ಒಂದೆರಡು ವರ್ಷದಲ್ಲಿ ಬಿಟ್ಟವರಿಗೆ ವಿನಯವಾಗಿ ಎರಡು ಸಾಲು ಬರೆಯಿರಿ. ಭಾರತೀಯರೋ ಫಿಲಿಪೈನ್ಸ್‌ನವರೋ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕಂದ್ರೆ ಒಂದೇ ಶಾಲೆಯಲ್ಲಿ ಬಿಳಿಯರಿಗೊಂದು ಸಂಬಳ, ನಮಗೊಂದು ಸಂಬಳ ಇರುವುದು ಅಪರೂಪವೇನಲ್ಲ. "ಕೆಲಸ ಹೇಗಿತ್ತು?" ಅಂತ ಕೇಳಬೇಡಿ. "ಸಂಬಳ ಯಾವ ತಾರೀಕಿಗೆ ಬರ್ತಿತ್ತು? ಕೊನೇ ತಿಂಗಳದು ಬಂತಾ?" ಅಂತ ಕೇಳಿ. ಈ ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ಶಾಲೆಯ ಜಾತಕ ಇರುತ್ತೆ.

ಇಂಟರ್‌ವ್ಯೂನಲ್ಲಿ ನಾನು ಪ್ರಶ್ನೆ ಕೇಳಿದ್ರೆ ಕೆಲಸ ಕೈತಪ್ಪಲ್ವಾ?

ಕೇಳಿದ್ದಕ್ಕೆ ಕೈತಪ್ಪುವ ಕೆಲಸ ತಪ್ಪಿದರೇ ಒಳ್ಳೆಯದು. ನನ್ನ ಜಾಗದಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು? ಒಂದು ಕ್ಲಾಸಿಗೆ ಎಷ್ಟು ಮಕ್ಕಳು, ಯಾವ ವಯಸ್ಸು? ಪಠ್ಯಪುಸ್ತಕ ಇದೆಯಾ, ಇಲ್ಲ ಎಲ್ಲ ನಾನೇ ತಯಾರು ಮಾಡಬೇಕಾ? ಸಹಾಯಕ್ಕೆ ಸ್ಥಳೀಯ ಶಿಕ್ಷಕರು ಇರುತ್ತಾರಾ? ಇಷ್ಟು ಕೇಳಿದರೆ ನಿಮಗೆ ಪಾಠದ ಅನುಭವ ಇದೆ ಅಂತ ಅವರಿಗೂ ಗೊತ್ತಾಗುತ್ತೆ.

ಅವರು ನಿಮ್ಮನ್ನು ಏನೂ ಕೇಳದೆ ಹತ್ತು ನಿಮಿಷಕ್ಕೆ "ಸೆಲೆಕ್ಟೆಡ್" ಅಂದರೆ ಹಿಗ್ಗಬೇಡಿ. ಡೆಮೋ ಕ್ಲಾಸ್ ಕೂಡ ನೋಡದೆ ಶಿಕ್ಷಕರನ್ನು ತಗೊಳ್ಳುವ ಶಾಲೆಗೆ ಬೇಕಿರುವುದು ಒಂದು ತಲೆ, ಅಷ್ಟೇ.

ಮೂಡಿಗೆರೆ, ಸಕಲೇಶಪುರ ಕಡೆಯವರಿಗೆ ಒಂದು ಕಿವಿಮಾತು: ಮಳೆಗಾಲದಲ್ಲಿ ವೀಡಿಯೊ ಇಂಟರ್‌ವ್ಯೂ ಇದ್ದರೆ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಗೊತ್ತಿದ್ದವರ ಮನೆಗೆ ಬಂದು ಕೂತುಕೊಳ್ಳಿ. ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವುದು ನಿಮಗೆ ಗೊತ್ತೇ ಇದೆ.

ಕಾಂಟ್ರಾಕ್ಟ್‌ನಲ್ಲಿ ಏನು ನೋಡಬೇಕು?

ಅರಸೀಕೆರೆ ಕಡೆಯ ಒಬ್ಬ ಹುಡುಗಿ ತಂದು ತೋರಿಸಿದ ಕಾಂಟ್ರಾಕ್ಟ್‌ನಲ್ಲಿ ಒಂದು ಸಾಲು ಹೀಗಿತ್ತು: ವಾರಕ್ಕೆ 25 ಗಂಟೆ ಪಾಠ, ಜೊತೆಗೆ ಸಂಸ್ಥೆ ಹೇಳುವ ಇತರ ಕೆಲಸಗಳು. "ಇಲ್ಲಿ ಕಾಲೇಜಲ್ಲಿ ಇದಕ್ಕಿಂತ ಜಾಸ್ತಿ ಮಾಡ್ತೀನಿ ಸರ್" ಅಂದಳು. ಒಂದು ವಾರದ ಟೈಮ್‌ಟೇಬಲ್ ತರಿಸಿಕೊಳ್ಳಮ್ಮ ಅಂದೆ. ಬಂತು. ಮಂಗಳವಾರದಿಂದ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು, ಮತ್ತೆ ಸಂಜೆ ಐದರಿಂದ ಎಂಟು. ಶನಿವಾರ ಏಳು ಗಂಟೆ. ಕೂಡಿಸಿದರೆ ಸರಿಯಾಗಿ 25, ಸುಳ್ಳೇನಿಲ್ಲ. ಆದರೆ ನಾಲ್ಕು ದಿನ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ದಿನ ಪೂರ್ತಿ ಶಾಲೆಯದ್ದೇ. ನಡುವೆ ಆರು ಗಂಟೆ ಖಾಲಿ, ಅದಕ್ಕೆ ಸಂಬಳ ಇಲ್ಲ, ರೂಮು ದೂರ ಇದ್ದರೆ ದಿನಕ್ಕೆ ಎರಡು ಸಲ ಓಡಾಟ. "ಇತರ ಕೆಲಸ" ಏನು ಅಂತ ಕೇಳಿದ್ದಕ್ಕೆ ಬಂದ ಉತ್ತರ: ಪಾಲಕರಿಗೆ ಫೋನ್ ಮಾಡುವುದು, ಮಾಲ್‌ನಲ್ಲಿ ನಿಂತು ಕರಪತ್ರ ಹಂಚುವುದು, ಭಾನುವಾರ ಡೆಮೋ. ಆ ಖಾಲಿ ಆರು ಗಂಟೆ ತುಂಬುವುದು ಹೇಗೆ ಅಂತ ಗೊತ್ತಾಯಿತಲ್ಲ.

ಹಾಗಾಗಿ ಪಾಠದ ಗಂಟೆ ಬೇರೆ, ಶಾಲೆಯಲ್ಲಿರುವ ಗಂಟೆ ಬೇರೆ. ಎರಡನ್ನೂ ಸಂಖ್ಯೆಯಲ್ಲಿ ಬರೆಸಿ. ಹೆಚ್ಚುವರಿ ಪಾಠಕ್ಕೆ ಗಂಟೆಗೆ ಎಷ್ಟು, ಮಗು ಗೈರಾಗಿ ಕ್ಲಾಸ್ ರದ್ದಾದರೆ ನಿಮ್ಮ ದುಡ್ಡು ಬರುತ್ತಾ, ಶಾಲೆಗೆ ರಜೆ ಇದ್ದಾಗ ಸಂಬಳ ಇದೆಯಾ, ಇವೂ ಇರಲಿ.

ಇನ್ನೊಂದು ನೋಡಲೇಬೇಕಾದ ಜಾಗ, ಮಧ್ಯದಲ್ಲಿ ಬಿಟ್ಟರೆ ದಂಡ. ಒಂದು ತಿಂಗಳ ನೋಟಿಸ್ ಕೇಳುವುದು ನ್ಯಾಯ. ಮೂರು ತಿಂಗಳ ಸಂಬಳ ಕಟ್ಟಿ ಅನ್ನುವುದು ಅಲ್ಲ. ಜಪಾನ್‌ನ ಕಾರ್ಮಿಕ ಕಾನೂನಿನ 16ನೇ ಕಲಮು ಹೀಗೆ ಮೊದಲೇ ದಂಡ ನಿಗದಿ ಮಾಡುವುದನ್ನೇ ನಿಷೇಧಿಸಿದೆ. ಶಾಲೆ ನಿಮ್ಮನ್ನು ತೆಗೆದರೆ ಎಷ್ಟು ದಿನದ ನೋಟಿಸ್ ಅಂತಲೂ ನೋಡಿ. ನೀವು ಬಿಟ್ಟರೆ 60 ದಿನ, ಅವರು ತೆಗೆದರೆ "ತಕ್ಷಣ" ಅಂತಿದ್ದರೆ ತಿದ್ದಲು ಹೇಳಿ.

ಇಂಗ್ಲಿಷ್ ಪ್ರತಿಯ ಜೊತೆ ಅಲ್ಲಿನ ಭಾಷೆಯ ಪ್ರತಿಯೂ ಇರುತ್ತೆ. ಜಗಳ ಬಂದಾಗ ಯಾವ ಪ್ರತಿ ನಡೆಯುತ್ತೆ ಅಂತ ಅದರಲ್ಲೇ ಬರೆದಿರುತ್ತೆ, ಓದಿ. ಫೋನ್‌ನಲ್ಲಿ ಹೇಳಿದ್ದು ಯಾವುದೂ ಲೆಕ್ಕಕ್ಕೆ ಬರಲ್ಲ. "ನೀವು ಹೇಳಿದ್ದು ಹೀಗೆ ಅಂತ ಅರ್ಥ ಮಾಡಿಕೊಂಡಿದ್ದೇನೆ, ಸರಿ ತಾನೇ?" ಅಂತ ಅದೇ ದಿನ ಇಮೇಲ್ ಹಾಕಿ ಇಟ್ಟುಕೊಳ್ಳಿ.

ಸಂಬಳ ಒಳ್ಳೆಯದಾ ಅಲ್ವಾ ಅಂತ ಲೆಕ್ಕ ಹಾಕೋದು ಹೇಗೆ?

ರೂಪಾಯಿಗೆ ಗುಣಿಸಿ ಖುಷಿಪಡುವುದನ್ನು ಮೊದಲು ಬಿಡಿ. ಬಾಡಿಗೆ, ಊಟ, ಓಡಾಟ, ತೆರಿಗೆ, ವಿಮೆ ಕಳೆದು ತಿಂಗಳ ಕೊನೆಗೆ ಮನೆಗೆ ಎಷ್ಟು ಕಳಿಸಬಹುದು, ಅದನ್ನು ಇಲ್ಲಿ ಉಳಿಯುತ್ತಿದ್ದುದರ ಪಕ್ಕ ಇಡಿ. ರೂಮು ಕೊಡುತ್ತೇವೆ ಅಂದರೆ ಒಬ್ಬರಿಗಾ, ಹಂಚಿಕೊಳ್ಳಬೇಕಾ, ಕರೆಂಟ್ ಬಿಲ್ ಯಾರದು, ಅಡುಗೆ ಮಾಡಿಕೊಳ್ಳಲು ಬಿಡುತ್ತಾರಾ ಕೇಳಿ. ಅನ್ನ-ಸಾರು ಮಾಡಿಕೊಳ್ಳುವುದಕ್ಕೂ ದಿನಾ ಹೋಟೆಲಲ್ಲಿ ತಿನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಹೇಳಬೇಕಾ?

ಕೊಲ್ಲಿ ದೇಶಕ್ಕೆ ಹೋಗುವವರು ಬೇಸಿಕ್ ಎಷ್ಟು ಅಂತ ನೋಡಲೇಬೇಕು. ಯುಎಇಯಲ್ಲಿ ಒಂದು ವರ್ಷ ತುಂಬಿಸಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಇದೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕ. ತಿಂಗಳ ಒಟ್ಟು ಸಂಬಳ 4,000 ದಿರ್ಹಮ್ ಅಂತಿಟ್ಟುಕೊಳ್ಳಿ. ಬೇಸಿಕ್ 2,500 ಇದ್ದರೆ ವರ್ಷಕ್ಕೆ 1,750 ಬರುತ್ತೆ. ಬೇಸಿಕ್ 1,500 ಮಾಡಿ ಉಳಿದದ್ದನ್ನು ಅಲವೆನ್ಸ್ ಅಂತ ತೋರಿಸಿದರೆ 1,050. ತಿಂಗಳ ಸಂಬಳ ಎರಡರಲ್ಲೂ ಅಷ್ಟೇ, ಯಾರಿಗೂ ಮೊದಲು ತಿಳಿಯಲ್ಲ. ಯುಎಇ ಕಾನೂನಿನಲ್ಲಿ ನೇಮಕಾತಿ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ ಅನ್ನುವುದೂ ನೆನಪಿರಲಿ.

ದೊಡ್ಡ ಹೆಸರಿನ ಕಂಪನಿ. ಆದ್ರೂ ಯೋಚನೆ ಮಾಡಬೇಕಾ?

ಮಾಡಬೇಕು. ಜಪಾನ್‌ನ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣೆ ಶಾಲೆ ನೋವಾ 2007ರ ಅಕ್ಟೋಬರ್‌ನಲ್ಲಿ ಕುಸಿದುಬಿತ್ತು. ಸಾವಿರಾರು ವಿದೇಶಿ ಶಿಕ್ಷಕರಿಗೆ ಸಂಬಳ ಬಾಕಿ. ಕಂಪನಿ ಕೊಟ್ಟಿದ್ದ ಮನೆಗಳಲ್ಲಿದ್ದವರಿಗೆ ಬಾಡಿಗೆಯ ತಲೆನೋವೂ ಬಂತು, ಯಾಕಂದ್ರೆ ಸಂಬಳದಲ್ಲಿ ಹಿಡಿದ ಬಾಡಿಗೆ ಮನೆ ಮಾಲೀಕರಿಗೆ ತಲುಪಿರಲಿಲ್ಲ. 2010ರಲ್ಲಿ ಜಿಯೋಸ್ ಅನ್ನುವ ಇನ್ನೊಂದು ದೊಡ್ಡ ಸರಣಿ ದಿವಾಳಿಯಾಯಿತು. ಚೀನಾದಲ್ಲಿ 2021ರ ಜುಲೈನಲ್ಲಿ ಶಾಲಾ ಮಕ್ಕಳಿಗೆ ಲಾಭಕ್ಕಾಗಿ ನಡೆಸುವ ಟ್ಯೂಷನ್ ಮೇಲೆ ಸರ್ಕಾರ ಕಡಿವಾಣ ಹಾಕಿತು, ಇಂಗ್ಲಿಷ್ ಕಲಿಸುವ ಎಷ್ಟೋ ಕಂಪನಿಗಳು ಮುಚ್ಚಿದವು.

ಈ ವ್ಯಾಪಾರ ನಡೆಯುವುದೇ ವಿದ್ಯಾರ್ಥಿಗಳು ಮುಂಗಡ ಕಟ್ಟುವ ಫೀಸಿನ ಮೇಲೆ. ಹೊಸ ಸೇರ್ಪಡೆ ನಿಂತರೆ ಮೊದಲು ತಡವಾಗುವುದು ಸಂಬಳ. ಅದಕ್ಕೇ ಸಂಬಳದ ತಾರೀಕಿನ ಬಗ್ಗೆ ಅಷ್ಟು ಒತ್ತಿ ಹೇಳಿದ್ದು. ವಾಪಸ್ ಟಿಕೆಟ್‌ಗಾಗುವಷ್ಟು, ಜೊತೆಗೆ ಎರಡು ತಿಂಗಳ ಊಟ-ಬಾಡಿಗೆಗಾಗುವಷ್ಟು ದುಡ್ಡು ನಿಮ್ಮ ಸ್ವಂತ ಖಾತೆಯಲ್ಲಿ ಇಟ್ಟುಕೊಂಡೇ ಹೊರಡಿ.

ಕಾಗದಪತ್ರ ಊರಲ್ಲೇ ಆಗುತ್ತಾ?

ಅರ್ಧ ಆಗುತ್ತೆ. ಪಾಸ್‌ಪೋರ್ಟ್ ಮತ್ತು ಪೊಲೀಸ್ ಕ್ಲಿಯರೆನ್ಸ್‌ಗೆ ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಡಿಗ್ರಿ ದೃಢೀಕರಣ ಮತ್ತು ಅಪಾಸ್ಟಿಲ್ (ದಾಖಲೆ ಅಸಲಿ ಅಂತ ಹೊರದೇಶದವರೂ ಒಪ್ಪುವ ಮುದ್ರೆ) ಕೆಲಸಕ್ಕೆ ಬೆಂಗಳೂರು. ಮೊದಲು ರಾಜ್ಯದ ಶಿಕ್ಷಣ ಇಲಾಖೆಯ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಅಪಾಸ್ಟಿಲ್ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದಿದ್ದು 2005ರಲ್ಲಿ. ಯುಎಇ ಆ ಒಪ್ಪಂದದಲ್ಲಿಲ್ಲ, ಅಲ್ಲಿಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಎಚ್.ಕೆ. ಅಂತಿರುತ್ತೆ, ಪಾಸ್‌ಪೋರ್ಟ್‌ನಲ್ಲಿ ಅದೇ ಊರಿನ ಹೆಸರು, ಅಪ್ಪನ ಹೆಸರು ಅಂತ ಬಿಡಿಸಿ ಬರೆದಿರುತ್ತೆ, ಡಿಗ್ರಿಯಲ್ಲಿ ಇನಿಷಿಯಲ್ ಹಿಂದೆ ಹೋಗಿರುತ್ತೆ. ಹೊರದೇಶದ ಕ್ಲರ್ಕ್‌ಗೆ ಇವರು ಮೂವರು. ಮೂವರೂ ಒಬ್ಬರೇ ಅಂತ ಅಫಿಡವಿಟ್ ಮೊದಲೇ ಮಾಡಿಸಿಡಿ, ಅದು ಸಾಕಾ ಅಂತ ಶಾಲೆಯನ್ನೂ ಕೇಳಿ. ಎರಡು, ಲ್ಯಾಮಿನೇಷನ್. ಅಮ್ಮ ಜೋಪಾನವಾಗಿರಲಿ ಅಂತ ಲ್ಯಾಮಿನೇಟ್ ಮಾಡಿಸಿಟ್ಟ ಸರ್ಟಿಫಿಕೇಟ್ ಮೇಲೆ ಮುದ್ರೆ ಒತ್ತಲು ಬರುವುದಿಲ್ಲ. ಪ್ರಾವಿಷನಲ್ ಅಷ್ಟೇ ಇದ್ದರೆ ಕಾನ್ವೊಕೇಶನ್ ಸರ್ಟಿಫಿಕೇಟಿಗೆ ಇವತ್ತೇ ಅರ್ಜಿ ಹಾಕಿ. ಹಾಸನದಲ್ಲಿ ಓದಿದ ಹಳಬರಿಗೆ ಮೈಸೂರು ವಿಶ್ವವಿದ್ಯಾಲಯ, ಚಿಕ್ಕಮಗಳೂರಿನವರಿಗೆ ಕುವೆಂಪು ವಿಶ್ವವಿದ್ಯಾಲಯ. ಮೂಲ ಪ್ರತಿಗಳನ್ನು ಯಾವ ಏಜೆಂಟ್ ಕೈಲೂ ಬಿಟ್ಟುಬರಬೇಡಿ.

ಶಾಲೆಯವರು ಪಾಸ್‌ಪೋರ್ಟ್ ಇಟ್ಟುಕೊಳ್ತಾರಂತೆ. ಮಾಮೂಲಾ?

ವೀಸಾ ಮುದ್ರೆಗೆ ಕೆಲವು ದಿನ ಕೊಡಬೇಕಾಗಬಹುದು, ರಸೀದಿ ತಗೊಂಡು ಕೊಡಿ. "ಭದ್ರವಾಗಿರಲಿ" ಅಂತ ಬೀರುವಿನಲ್ಲಿ ಇಟ್ಟುಕೊಳ್ಳುವುದಕ್ಕೆ ಒಪ್ಪಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಭಾರತ ಸರ್ಕಾರದ ಆಸ್ತಿ. ಇದನ್ನೇ ಹೇಳಿ. ಜಗಳವಾಡದೆ ಇಲ್ಲ ಅನ್ನಲು ಇಷ್ಟು ಸುಲಭದ ಕಾರಣ ಬೇರೆ ಇಲ್ಲ.

ಥಾಯ್ಲೆಂಡ್‌ನಲ್ಲಿ ಟೀಚಿಂಗ್ ಕೆಲಸ, ಟೈಪಿಂಗ್ ಬರಬೇಕು, ಸಂಬಳ ಲಕ್ಷದ ಮೇಲೆ ಅಂತ ಟೆಲಿಗ್ರಾಂನಲ್ಲಿ ಬಂದಿದೆ.

ಬೇಡ. ಇಂಗ್ಲಿಷ್ ಬರುವ ಭಾರತೀಯ ಯುವಕರನ್ನು ಹೀಗೆ ಬ್ಯಾಂಕಾಕ್‌ಗೆ ಕರೆಸಿ, ಅಲ್ಲಿಂದ ಮ್ಯಾನ್ಮಾರ್‌ನ ಮ್ಯಾವಾಡಿಗೋ ಲಾವೋಸ್‌ಗೋ ಕಾಂಬೋಡಿಯಾಕ್ಕೋ ಸಾಗಿಸಿ ಸೈಬರ್ ವಂಚನೆಯ ಕೆಲಸಕ್ಕೆ ಕೂರಿಸಿದ್ದಾರೆ. ನಮ್ಮ ರಾಯಭಾರ ಕಚೇರಿಗಳು ಎಚ್ಚರಿಕೆ ಕೊಟ್ಟಿವೆ, 2024, 2025ರಲ್ಲಿ ನೂರಾರು ಜನರನ್ನು ಬಿಡಿಸಿ ಕರೆತಂದಿವೆ. ಪಾಠದ ಕೆಲಸಕ್ಕೆ ಟೈಪಿಂಗ್ ವೇಗ ಯಾಕೆ ಬೇಕು? ಕೆಲಸದ ಜಾಗ ಒಂದು ದೇಶ, ಇಳಿಯುವ ವಿಮಾನ ನಿಲ್ದಾಣ ಇನ್ನೊಂದು ದೇಶ ಅಂತಿದ್ದರೆ ಅಲ್ಲಿಗೆ ಮಾತು ಮುಗಿಸಿ.

ಹೋದ ಮೇಲೆ ಹೇಳಿದ್ದೇ ಬೇರೆ, ಇರೋದೇ ಬೇರೆ ಅಂತಾದ್ರೆ?

ಮೊದಲು ಬರವಣಿಗೆಯಲ್ಲಿ ಶಾಲೆಗೆ ತಿಳಿಸಿ, ದಾಖಲೆ ಇಟ್ಟುಕೊಳ್ಳಿ. ಆಮೇಲೆ ಆ ದೇಶದ ಕಾರ್ಮಿಕ ಇಲಾಖೆ. ಜೊತೆಗೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಮನೆಯವರು ಇಲ್ಲಿಂದಲೂ ಹಾಕಬಹುದು. ದುಬೈ, ರಿಯಾದ್, ಜಿದ್ದಾ, ಕೌಲಾಲಂಪುರದಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳಿವೆ. ಪೂರ್ತಿ ಕೈ ಖಾಲಿಯಾಗಿ ಸಿಕ್ಕಿಕೊಂಡವರಿಗೆ ರಾಯಭಾರ ಕಚೇರಿಗಳ ಹತ್ತಿರ ಸಮುದಾಯ ಕಲ್ಯಾಣ ನಿಧಿ ಇದೆ. ಸುಮ್ನೆ ಹೇಳದೆ ಕೇಳದೆ ಓಡಿಬರಬೇಡಿ. ಕೊಲ್ಲಿಯ ಕೆಲವು ದೇಶಗಳಲ್ಲಿ ಅದು ಪರಾರಿ ಪ್ರಕರಣವಾಗಿ ಮುಂದಿನ ವೀಸಾಗೂ ಅಡ್ಡ ಬರುತ್ತೆ.

ಹೊರಡುವ ಮೊದಲೇ ಕಾಂಟ್ರಾಕ್ಟ್, ವೀಸಾ, ಪಾಸ್‌ಪೋರ್ಟ್ ಪ್ರತಿ, ಶಾಲೆಯ ವಿಳಾಸ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನಂಬರ್ ಒಂದು ಫೈಲ್‌ನಲ್ಲಿ ಹಾಕಿ ಅಣ್ಣನಿಗೋ ಅಕ್ಕನಿಗೋ ಕೊಟ್ಟಿರಿ. ಅಪ್ಪ-ಅಮ್ಮ ಒಪ್ಪುತ್ತಿಲ್ಲ ಅನ್ನುವವರಿಗೂ ಇದೇ ಉತ್ತರ. ಆ ಫೈಲ್ ಮುಂದಿಟ್ಟು ಮಾತಾಡಿ.

ಇವತ್ತು ಸಂಜೆಯೊಳಗೆ ಸಹಿ ಮಾಡಿ ಕಳಿಸಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ ಅಂತಿದ್ದಾರೆ. ಏನ್ ಮಾಡ್ಲಿ?

"ಮೂರು ದಿನ ಕೊಡಿ, ವಕೀಲರಿಗೆ ತೋರಿಸಿ ಹೇಳ್ತೀನಿ" ಅಂತ ಬರೆಯಿರಿ. ಕೋರ್ಟ್ ಹತ್ತಿರ ಗೊತ್ತಿರುವ ವಕೀಲರಿಗೆ ನಿಜವಾಗಿಯೂ ತೋರಿಸಿ, ಆಗದಿದ್ದರೆ ಆ ದೇಶದಲ್ಲಿ ಕಲಿಸಿ ಬಂದ ಯಾರಿಗಾದರೂ. ಮೂರು ದಿನ ಕೊಡದವರಿಗೆ ಒಂದು ವರ್ಷ ಕೊಡಬೇಕಿಲ್ಲ.